ಸಂಚಕಾರ ಹಿಡಿಯುವ ಮುಂಚೆ: ಹವ್ಯಾಸದ ಬಡಿಗತನ ರೊಕ್ಕದ ಕೆಲಸವಾಗುವಾಗ

ಎಲ್ಲ ಶುರುವಾದದ್ದು ಒಂದು ಶಾವಿಗೆ ಮಣೆಯಿಂದ. ಆರಡಿ ಉದ್ದ, ಒಂಬತ್ತು ಇಂಚು ಅಗಲ, ಮೈತುಂಬ ಸಣ್ಣ ಗೀರು. ನಮ್ಮವ್ವನಿಗೆ ಅಂತ ಮಾಡಿದ್ದು. ಬೇಸಿಗೆಯಲ್ಲಿ ಅವಳು ಅದನ್ನು ಹೊರಸಿಗೆ ಇಳಿಜಾರಾಗಿ ಆನಿಸಿಕೊಂಡು ಶಾವಿಗೆ ಹೊಸೆಯುತ್ತ ಕೂತಳು. ಬೆಳಗಾವಿಯ ನಮ್ಮ ಓಣಿಯವರೆಲ್ಲ ಹಿಟ್ಟನ್ನು ಮಷಿನ್‌ಗೆ ಹಾಕಿಸಿಕೊಂಡು ಬರುವುದಕ್ಕೆ ಹೊಂದಿಕೊಂಡು ಎಷ್ಟೋ ವರ್ಷವಾಗಿತ್ತು. ಹಂಗಾಗಿ ಮಣೆ ನೋಡಲಿಕ್ಕೇ ನಾಲ್ಕು ಮಂದಿ ಬಂದರು. ಮರುವಾರ ಮೂಲೆಮನೆಯ ಅಕ್ಕಾರು ಗೇಟಿನ ಹತ್ತಿರ ನಿಂತು ಕರೆದರು:

"ತಮ್ಮಾ, ನಿಮ್ಮವ್ವಗ ಮಾಡಿದಂಥಾ ಮಣಿ ನನಗೂ ಒಂದ ಮಾಡಿ ಕೊಡಪಾ. ಪುಗಸಟ್ಟೆ ಬ್ಯಾಡ, ರೊಕ್ಕ ಕೊಡ್ತೇನಿ."

ನಾನು ಉದ್ಯಮಬಾಗದ ಒಂದು ಕಾರ್ಖಾನೆಯಲ್ಲಿ ಲೆಕ್ಕಪತ್ರ ನೋಡುವವ. ಬಡಿಗತನ ನನಗೆ ಭಾನುವಾರದ ಹುಚ್ಚು. ಅಕ್ಕಾರ ಮಾತು ಕೇಳಿ ಎದೆ ಉಬ್ಬಿತು, ಒಂದೂವರೆ ಸಾವಿರ ಅಂದೆ, ಅವರು ಐನೂರು ಅಲ್ಲೇ ಕೈಯಲ್ಲಿಟ್ಟರು. ನಮ್ಮ ಕಡೆ ಹಿಂಗೆ ಮುಂಗಡವಾಗಿ ಕೊಡುವ ರೊಕ್ಕಕ್ಕೆ ಸಂಚಕಾರ ಅನ್ನುತ್ತಾರೆ. ಅದೇ ಶಬ್ದಕ್ಕೆ ಕುತ್ತು ಅನ್ನುವ ಅರ್ಥವೂ ಇದೆ, 'ಪ್ರಾಣಕ್ಕೆ ಸಂಚಕಾರ' ಅನ್ನುತ್ತೇವಲ್ಲ, ಹಾಗೆ. ಆ ಐನೂರು ಎರಡೂ ಅರ್ಥಕ್ಕೆ ಹೊಂದಿತು. ಕೆಲಸ ಮುಗಿದಾಗ ಲೆಕ್ಕ ಹಾಕಿ ನೋಡಿದರೆ ನನ್ನ ಕೈಯಿಂದ ಮುನ್ನೂರು ರೂಪಾಯಿ ಹೋಗಿತ್ತು. ಎರಡು ಭಾನುವಾರ ಹೋದದ್ದು ಬೇರೆ.

ಆಮೇಲಿನ ಆರು ವರ್ಷದಲ್ಲಿ ಒಂದಿಷ್ಟು ಕೆಲಸ ಹಿಡಿದೆ, ಒಂದಿಷ್ಟು ಬಿಟ್ಟೆ, ಒಂದೆರಡರಲ್ಲಿ ಮುಖಭಂಗವೂ ಆಯಿತು. ನಿಮ್ಮ ಮನೆಯ ಹಿತ್ತಲಲ್ಲೂ ಕಟ್ಟಿಗೆ ಹೆರೆಯುವ ಒಂದು ರಂದಾ, ನಾಲ್ಕು ಉಳಿ ಇದ್ದು, ಯಾರಾದರೂ 'ಎಷ್ಟಾಕ್ಕತಿ?' ಅಂತ ಕೇಳಲು ಶುರು ಮಾಡಿದ್ದರೆ, ಹ್ಞೂಂ ಅನ್ನುವ ಮುಂಚೆ ಈ ಕ್ರಮದಲ್ಲಿ ಹೋಗಿ.

ಒಂದೇ ಸಾಮಾನನ್ನು ನಾಲ್ಕು ಸಲ ಮಾಡಿ ನೋಡಿ

ಹವ್ಯಾಸದಲ್ಲಿ ನಾವು ಒಮ್ಮೆ ಮಾಡಿದ್ದನ್ನು ಮತ್ತೆ ಮಾಡುವುದಿಲ್ಲ. ಸ್ಟೂಲ್ ಆಯಿತಾ, ಮುಂದೆ ಗೂಡು, ಅದಾದ ಮೇಲೆ ಪೆಟ್ಟಿಗೆ. ರೊಕ್ಕದ ಕೆಲಸದಲ್ಲಿ ಗಿರಾಕಿ ಕೇಳುವುದು 'ಅವರಿಗೆ ಮಾಡಿದಂಥದ್ದೇ'. ಹಾಗಾಗಿ ನಿಮಗೆ ಚೊಲೊ ಬರುವ ಒಂದು ಸಣ್ಣ ಸಾಮಾನು ಆರಿಸಿಕೊಳ್ಳಿ: ಚಪಾತಿ ಮಣೆ ಇರಲಿ, ಕೂಡುವ ಮಣೆ ಇರಲಿ. ಅದನ್ನು ಅಳತೆಯಲ್ಲಿ ಒಂದು ಗೆರೆಯೂ ಹೆಚ್ಚುಕಮ್ಮಿ ಇಲ್ಲದೆ ನಾಲ್ಕು ಮಾಡಿ. ಬೇಕಾದರೆ ಬೀಗರಿಗೆ ಹಂಚಿಬಿಡಿ.

ಮೂರನೆಯದನ್ನು ಮಾಡುವಾಗ ನಿಮ್ಮ ಮನಸ್ಸು ಎಲ್ಲಿರುತ್ತದೆ ನೋಡಿ. ಬೇಸರ ಬಂದು ಕೈ ಬಿರುಸಾಗಿ, ಪಾಲಿಶ್ ಪೇಪರ್ ತಿಕ್ಕುವುದು ಅರ್ಧಕ್ಕೇ ಸಾಕು ಅನಿಸಿದರೆ ನೀವು ಹವ್ಯಾಸದವರಾಗೇ ಇರಿ, ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ. ನಾಲ್ಕನೆಯದು ಮೊದಲನೆಯದಕ್ಕಿಂತ ಅರ್ಧ ಹೊತ್ತಿನಲ್ಲಿ ಮುಗಿದು, ಆ ಉಳಿದ ಹೊತ್ತು ನಿಮಗೆ ಖುಷಿ ಕೊಟ್ಟರೆ ಮುಂದಕ್ಕೆ ಓದಿ.

ಅಭ್ಯಾಸಕ್ಕೆ ಹೊಸ ಕಟ್ಟಿಗೆ ಕೊಳ್ಳಬೇಡಿ. ಕಾರ್ಖಾನೆಗಳಿಗೆ ಮಷಿನ್ ಬರುವ ಪ್ಯಾಕಿಂಗ್ ಪೆಟ್ಟಿಗೆ, ಪ್ಯಾಲೆಟ್‌ಗಳ ಪೈನ್ ಹಲಗೆ ಗುಜರಿ ಅಂಗಡಿಗಳಲ್ಲಿ ಸಿಗುತ್ತದೆ. ಪರದೇಶದಿಂದ ಬಂದ ಪ್ಯಾಲೆಟ್ ಮೇಲೆ ಮುದ್ರೆ ಇರುತ್ತದೆ. ಅದರಲ್ಲಿ 'ಎಚ್‌ಟಿ' ಅಂತಿದ್ದರೆ ಬಿಸಿ ಕೊಟ್ಟು ಹುಳ ಸಾಯಿಸಿದ್ದು, ತರಬಹುದು. 'ಎಂಬಿ' ಅಂತಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷದ ಹೊಗೆ ಹಾಕಿದ್ದು, ಮನೆಯೊಳಗೆ ತರಬೇಡಿ. ಅಡುಗೆಮನೆಗೆ ಹೋಗುವ ಸಾಮಾನಿಗಂತೂ ಯಾವ ಪ್ಯಾಲೆಟ್ಟೂ ಬೇಡ, ಅದರ ಮೇಲೆ ಏನೇನು ಚೆಲ್ಲಿದೆಯೋ ಬಲ್ಲವರಾರು.

ವಹಿ ಇಡಿ

ಒಂದು ಸಣ್ಣ ವಹಿ, ಅದಕ್ಕೊಂದು ಪೆನ್ಸಿಲ್. ಬೆಂಚಿಗೆ ಬಂದ ಹೊತ್ತು, ಎದ್ದ ಹೊತ್ತು. ಇಷ್ಟೇ. ಸಾಮಿಲ್‌ಗೆ ಹೋಗಿಬಂದ ಹೊತ್ತು, ಗಿರಾಕಿಯ ಜೊತೆ ಫೋನಿನಲ್ಲಿ ಮಾತಾಡಿದ ಹೊತ್ತು, ಉಳಿ ಮಸೆದ ಹೊತ್ತು ಎಲ್ಲ ಬರೆಯಿರಿ. ಲೆಕ್ಕದವನಾಗಿಯೂ ನಾನು ಇದನ್ನು ಮೊದಲ ವರ್ಷ ಮಾಡಲಿಲ್ಲ, ಇನ್ನೊಬ್ಬರ ಕಾರ್ಖಾನೆಯ ಪೈಸೆ ಪೈಸೆ ಹಿಡಿಯುವವ ನನ್ನ ಭಾನುವಾರವನ್ನು ಹಿಡಿಯಲಿಲ್ಲ.

ಯಾವುದಕ್ಕೆ ಹ್ಞೂಂ, ಯಾವುದಕ್ಕೆ ಊಹೂಂ

ಒಬ್ಬರೇ ಎತ್ತುವಂಥದ್ದು, ಒಂದೇ ಬೆಂಚಿನ ಮೇಲೆ ಮುಗಿಯುವಂಥದ್ದು, ಗೋಡೆಗೆ ಸಂಬಂಧವಿಲ್ಲದ್ದು. ನನ್ನ ಗೆರೆ ಇಲ್ಲಿದೆ. ಮಣೆ, ಲಟ್ಟಣಿಗೆ, ಸ್ಟೂಲು, ಸಣ್ಣ ದೇವರ ಮಂಟಪ, ಪುಸ್ತಕದ ಗೂಡು, ಮಕ್ಕಳ ತೊಟ್ಟಿಲು.

ವಾರ್ಡ್‌ರೋಬ್, ಅಡುಗೆಮನೆಯ ಕಪಾಟು, ಟಿವಿ ಯುನಿಟ್ಟು ಬೇಡವೇ ಬೇಡ. ಪ್ಲೈವುಡ್ಡಿನ ಹಾಳೆ ಎಂಟಡಿಗೆ ನಾಲ್ಕಡಿ, ಅಂದರೆ 32 ಚದರ ಅಡಿ. 18 ಎಂಎಂ ದಪ್ಪದ್ದನ್ನು ತಾರಸಿಯ ಮೆಟ್ಟಿಲು ಹತ್ತಿಸಲಿಕ್ಕೇ ಇಬ್ಬರು ಬೇಕು, ನೆಟ್ಟಗೆ ಕೊಯ್ಯಲು ದೊಡ್ಡ ಟೇಬಲ್ ಬೇಕು, ಮೈಕಾ ಅಂಟಿಸಿ ಒತ್ತಲು ಜಾಗ ಬೇಕು. ಇನ್ನು ಗಿರಾಕಿಯ ಮನೆಯ ಗೋಡೆಗೆ ಮೂಲೆ ನೋಡುವ ಗುಣ್ಯಾ ಹಚ್ಚಿ ನೋಡಿ, ತೊಂಬತ್ತು ಡಿಗ್ರಿಯ ಮೂಲೆ ಸಿಕ್ಕರೆ ನನಗೂ ಹೇಳಿ. ದಿನಾ ಅದನ್ನೇ ಮಾಡುವ ಮಿಸ್ತ್ರಿಗಳು ಚದರ ಅಡಿಯ ಲೆಕ್ಕದಲ್ಲಿ ಮೂರು ದಿನಕ್ಕೆ ಮುಗಿಸುವ ಕೆಲಸವನ್ನು ನೀವು ಮೂರು ತಿಂಗಳು ಎಳೆಯುತ್ತೀರಿ. ಹಿಡಿಯಲೇಬೇಕಾಗಿ ಬಂದರೆ ಮಾಲು ಗಿರಾಕಿಯೇ ತರಲಿ, ಹಾಳೆಯ ಮೇಲಿನ ಮುದ್ರೆ ಮಾತ್ರ ನೀವು ಓದಿ ಹೇಳಿ: ಐಎಸ್ 303 ಅಂದರೆ ಮಾಮೂಲು ಕೆಲಸದ ಪ್ಲೈ, ನೀರು ತಾಗುವ ಜಾಗಕ್ಕೆ ಐಎಸ್ 710, ಅದೇ ಮರೀನ್ ಪ್ಲೈ.

ಕಟ್ಟಿಗೆ

ಇಲ್ಲಿ ಸ್ವಲ್ಪ ಹೊತ್ತು ನಿಲ್ಲುತ್ತೇನೆ, ನನಗೆ ದೊಡ್ಡ ಪೆಟ್ಟು ಬಿದ್ದದ್ದು ಇಲ್ಲೇ.

ವಿಜಯಪುರದ ಒಬ್ಬ ಗಿರಾಕಿಗೆ ದೇವರ ಮಂಟಪ ಮಾಡಿದ್ದೆ. ಆಷಾಢ, ಶ್ರಾವಣದಲ್ಲಿ. ಬೆಳಗಾವಿಯ ಮಳೆ ಗೊತ್ತಲ್ಲ, ಹೊಡೆದು ಹೋಗುವುದಿಲ್ಲ, ವಾರಗಟ್ಟಲೆ ಜಿಟಿಜಿಟಿ. ಒಗೆದ ಅರಿವೆ ಮೂರು ದಿನಕ್ಕೂ ಒಣಗುವುದಿಲ್ಲ. ಆ ಹವೆಯಲ್ಲಿ ಹಿಂದಿನ ಹಲಗೆಯನ್ನು ಚೌಕಟ್ಟಿನೊಳಗೆ ಕೂದಲೂ ಹೋಗದಂತೆ ಬಿಗಿಯಾಗಿ ಕೂಡಿಸಿ, ನಾಲ್ಕೂ ಬದಿಗೆ ಫೆವಿಕಾಲ್ ತುಂಬಿ ಬಡಿದೆ. ಆ ಬಿಗಿತ ನೋಡಿ ನನಗೇ ಹೆಮ್ಮೆ. ಯುಗಾದಿ ಮುಂದೆ ಫೋಟೊ ಬಂತು. ಹಲಗೆ ಮೇಲಿಂದ ಕೆಳಗಿನವರೆಗೆ ನಟ್ಟನಡುವೆ ಸೀಳಿತ್ತು. ಸೀಳಿನ ಆಚೆಯಿಂದ ಗೋಡೆಯ ಸುಣ್ಣ ಕಾಣುತ್ತಿತ್ತು.

ಕಾರಣ ಸರಳ. ಕಟ್ಟಿಗೆ ಗಾಳಿಯ ತೇವ ಹೀರಿ ಉಬ್ಬುತ್ತದೆ, ಒಣಹವೆಯಲ್ಲಿ ಬಿಟ್ಟುಕೊಟ್ಟು ಕುಗ್ಗುತ್ತದೆ. ಉದ್ದಕ್ಕೆ ಹೆಚ್ಚುಕಮ್ಮಿ ಏನೂ ಆಗುವುದಿಲ್ಲ, ಆಟವೆಲ್ಲ ಅಗಲದಲ್ಲಿ. ಬೆಳಗಾವಿಯ ಮಳೆಗಾಲದಿಂದ ವಿಜಯಪುರದ ಬೇಸಿಗೆಗೆ ಹೋದ ಒಂದಡಿ ಅಗಲದ ಹಲಗೆ ಎಂಟನೇ ಒಂದು ಇಂಚಿನಷ್ಟು ಒಳಗೆ ಬರುವುದು ದೊಡ್ಡ ಮಾತಲ್ಲ. ನಾಲ್ಕೂ ಬದಿ ಅಂಟಿಸಿದ್ದರೆ ಒಳಗೆ ಬರಲಿಕ್ಕೆ ದಾರಿ ಇಲ್ಲ, ಸೀಳಬೇಕು ಅಷ್ಟೇ. ಹಳೆಯ ಮನೆಗಳ ಬಾಗಿಲು ನೋಡಿ: ಹಲಗೆ ಚೌಕಟ್ಟಿನಲ್ಲಿ ಕೊರೆದ ಸಂದಿನೊಳಗೆ ಸಡಿಲವಾಗಿ ಕೂತಿರುತ್ತದೆ, ಅಂಟಿಲ್ಲ, ಎರಡೂ ಬದಿಗೆ ಒಂದು ನೂಲು, ಅಂದರೆ ಎಂಟನೇ ಒಂದು ಇಂಚಿನಷ್ಟು ಜಾಗ ಬಿಟ್ಟಿರುತ್ತಾರೆ. ನೂರು ಬೇಸಿಗೆ ಕಂಡರೂ ಸೀಳುವುದಿಲ್ಲ. ನಾನು ಆ ಮಂಟಪವನ್ನು ವಾಪಸ್ ತರಿಸಿ, ಹಿಂದಿನ ಹಲಗೆ ತೆಗೆದು ಹಾಗೇ ಮಾಡಿ ಕಳಿಸಿದೆ. ಹೋಗಿಬರುವ ಗಾಡಿ ಬಾಡಿಗೆಯಲ್ಲೇ ಕೂಲಿ ಕರಗಿತು.

ಹವ್ಯಾಸಕ್ಕೆ ಮಾಡಿದ ಸಾಮಾನು ನಿಮ್ಮ ಮನೆಯಲ್ಲೇ ಸೀಳಿದರೆ ನಕ್ಕು ಸುಮ್ಮನಾಗುತ್ತೀರಿ. ಮಾರಿದ ಸಾಮಾನು ಇನ್ನೊಂದು ಊರಿನ ಹವೆಯಲ್ಲಿ ನಿಮ್ಮ ಹೆಸರು ಹೊತ್ತು ಕೂತಿರುತ್ತದೆ. ಹಾಗಾಗಿ ಕೆಲಸ ಹಿಡಿಯುವಾಗ ಸಾಮಾನು ಯಾವ ಊರಿಗೆ ಹೋಗುತ್ತದೆ ಅಂತ ಕೇಳಿ. ಕೊಯ್ಸಿ ತಂದ ಹಲಗೆಯನ್ನು ನೆರಳಿನಲ್ಲಿ, ನಡುನಡುವೆ ಸಣ್ಣ ಪಟ್ಟಿ ಕೊಟ್ಟು ಪೇರಿಸಿಡಿ. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎನ್ನುವುದು ಬಡಿಗೇರರ ಹಳೆಯ ಅಂದಾಜು, ಒಣಸೀಮೆಯಲ್ಲಿ ಅಷ್ಟು ಬೇಕಾಗಲಿಕ್ಕಿಲ್ಲ. ತೇವ ನೋಡುವ ಸಣ್ಣ ಮೀಟರ್ ಸಿಗುತ್ತದೆ, ರೊಕ್ಕದ ಕೆಲಸಕ್ಕೆ ಇಳಿದವರು ಮೊದಲು ಕೊಳ್ಳಬೇಕಾದದ್ದು ಅದನ್ನು. ಮನೆಯೊಳಗಿನ ಸಾಮಾನಿಗೆ 8ರಿಂದ 12 ಶೇಕಡಾ ಇದ್ದರೆ ಕೈ ಹಚ್ಚಬಹುದು.

ಯಾವ ಕಟ್ಟಿಗೆ? ಸಾಗವಾನಿ ಆಡುವುದು ಕಡಿಮೆ, ಗೆದ್ದಲು ಹತ್ತುವುದು ಕಡಿಮೆ, ಆದರೆ ರೇಟು ಕೇಳಿದರೆ ನೀವೇ ಕುಗ್ಗುತ್ತೀರಿ. ಕೊಳ್ಳುವಾಗ ಅಂಚಿನ ಬಿಳಿ ಭಾಗ ಎಷ್ಟಿದೆ ನೋಡಿ, ಹುಳ ತಿನ್ನುವುದು ಅದನ್ನೇ. ಬೇವಿಗೆ ಕಹಿ ಇರುವುದರಿಂದ ಹುಳ ಬೇಗ ಬರುವುದಿಲ್ಲ, ಸ್ಟೂಲು ಗೂಡಿಗೆ ಅಡ್ಡಿಯಿಲ್ಲ. ಜಾಲಿ ಚಕ್ಕಡಿಗೆ, ಕುಂಟೆಗೆ ಹೆಸರಾದದ್ದು, ಗಟ್ಟಿ ಅಂದರೆ ಗಟ್ಟಿ, ನಿಮ್ಮ ರಂದಾದ ಅಲಗು ಅಳುತ್ತದೆ. ಹುಣಸೆಯ ಕೊರಡು ಖಟಗರ ಅಂಗಡಿಯಲ್ಲಿ ನೋಡಿರುತ್ತೀರಿ, ಕೊಚ್ಚುವ ಮಣೆಗೆ ಅದೇ ಸರಿ.

ಇನ್ನೊಂದು, ಹಳೆ ತೊಲೆ. ನಮ್ಮ ಮೂಲ ಬಾಗಲಕೋಟೆ. ಆಲಮಟ್ಟಿ ಹಿನ್ನೀರು ಬಂದು ಹಳೆ ಊರಿನ ಎಷ್ಟೋ ಮನೆ ಮುಳುಗಡೆಗೆ ಹೋದಾಗ ಜನ ನವನಗರಕ್ಕೆ ಎದ್ದರು. ನಮ್ಮಜ್ಜ ಮನೆಯ ತೊಲೆ, ಕಂಬ, ಬಾಗಿಲು ಕಿತ್ತುಕೊಂಡೇ ಎದ್ದ. ಆ ತೊಲೆಯ ಒಂದು ತುಂಡಿನಿಂದಲೇ ಅವ್ವನ ಶಾವಿಗೆ ಮಣೆ ಆದದ್ದು. ಹಳೆ ಕಟ್ಟಿಗೆ ಹಸಿ ಆರುವಾಗ ಕುಗ್ಗುವುದನ್ನೆಲ್ಲ ಕುಗ್ಗಿ ಮುಗಿಸಿರುತ್ತದೆ, ಅದು ಅದರ ಗುಣ. ಅದರ ಅವಗುಣ ಮೊಳೆ. ಕುಲುಮೆಯಲ್ಲಿ ಬಡಿದ ಚೌಕ ಮೊಳೆಯ ತಲೆ ಎಂದೋ ಮುರಿದಿರುತ್ತದೆ, ಮೇಲೆ ಒಂದು ಕಪ್ಪು ಚುಕ್ಕೆ ಬಿಟ್ಟರೆ ಏನೂ ಕಾಣದು. ರಂದಾ ಎಳೆದಾಗ ಟಣ್ ಅಂದದ್ದಷ್ಟೇ, ಅಲಗಿನಲ್ಲಿ ಜೋಳದ ಕಾಳಿನಷ್ಟು ಹಲ್ಲು ಬಿತ್ತು. ಅವತ್ತಿನಿಂದ ಹಳೆ ಕಟ್ಟಿಗೆಯ ಮೇಲೆ ಮೊದಲು ಒಂದು ಅಯಸ್ಕಾಂತ ಆಡಿಸುತ್ತೇನೆ, ಕಪ್ಪು ಚುಕ್ಕೆ ಕಂಡಲ್ಲಿ ಚಾಕ್‌ಪೀಸಿನಿಂದ ಸುತ್ತು ಹಾಕುತ್ತೇನೆ.

ಸಾಮಿಲ್‌ನಿಂದ ತರುವಾಗ ಬಿಲ್ಲು ಬಿಡಬೇಡಿ. ಹವ್ಯಾಸಕ್ಕೆ ನಾಲ್ಕು ತುಂಡು ತರುವುದು ಬೇರೆ, ಮಾರಲಿಕ್ಕೆ ಮಾಡುವಾಗ ಕಟ್ಟಿಗೆ ಎಲ್ಲಿಂದ ಬಂತು ಅಂತ ತೋರಿಸುವ ಕಾಗದ ನಿಮ್ಮ ಹತ್ತಿರ ಇರಬೇಕು. ಕಾಡಿನ ಸೆರಗಿನ ಖಾನಾಪುರದ ಕಡೆಯಿಂದ ಯಾರೋ 'ಸಸ್ತಾದಾಗ ಐತಿ' ಅಂತ ಸಾಗವಾನಿಯನ್ನೋ ಬೀಟೆಯನ್ನೋ ರಾತ್ರಿ ತಂದುಕೊಡುತ್ತೇನೆ ಅಂದರೆ ಕೈ ಮುಗಿದು ಕಳಿಸಿ. ಹೊಲದ ಮರ ಕಡಿಸುವುದಿದ್ದರೂ ಅರಣ್ಯ ಇಲಾಖೆಯಲ್ಲಿ ಕೇಳಿಯೇ ಕಡಿಸಿ, ಕರ್ನಾಟಕದಲ್ಲಿ 1976ರಿಂದಲೇ ಮರ ಸಂರಕ್ಷಣೆಯ ಕಾಯ್ದೆ ಇದೆ.

ರೇಟು ಕಟ್ಟುವುದು

ಕಟ್ಟಿಗೆಯ ಲೆಕ್ಕ ಘನ ಅಡಿಯಲ್ಲಿ. ದಪ್ಪ ಇಂಚಿನಲ್ಲಿ, ಅಗಲ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಹಿಡಿದು ಮೂರನ್ನೂ ಗುಣಿಸಿ 144ರಿಂದ ಭಾಗಿಸಿ. ಅಕ್ಕಾರ ಮಣೆ ಒಂದೂವರೆ ಇಂಚು ದಪ್ಪ, ಒಂಬತ್ತು ಇಂಚು ಅಗಲ, ಆರಡಿ ಉದ್ದ. ಗುಣಿಸಿದರೆ 81, ಭಾಗಿಸಿದರೆ 0.56 ಘನ ಅಡಿ. ರಂದಾಕ್ಕೆ, ಗಂಟಿಗೆ, ಅಂಚಿಗೆ ಹೋಗುವುದು ಕಾಲುಭಾಗ ಸೇರಿಸಿದರೆ 0.70. ಘನ ಅಡಿಗೆ 2,000 ರೂಪಾಯಿ ಅಂತ ಹಿಡಿಯೋಣ, ನಿಮ್ಮ ಕಟ್ಟಿಗೆಯ ರೇಟು ನೀವು ಹಾಕಿಕೊಳ್ಳಿ. 1,400 ಆಯಿತು. ಎಣ್ಣೆ, ಪಾಲಿಶ್ ಪೇಪರ್, ಟಂಟಂ ಬಾಡಿಗೆ 250. ಅಲಗು, ಬ್ಲೇಡ್ ಸವೆದದ್ದಕ್ಕೆ 150. ಕೂಲಿ ಬಿಟ್ಟು 1,800. ನಾನು ತಗೊಂಡದ್ದು 1,500. ಮುನ್ನೂರು ಎಲ್ಲಿ ಹೋಯಿತು ಅಂತ ಈಗ ನಿಮಗೂ ತಿಳಿಯಿತು.

ಇನ್ನು ತಾಸು. ಕೊಯ್ದು ರಂದಾ ಹೊಡೆಯಲು ಮೂರು, ಗೀರು ಎಳೆಯಲು ನಾಲ್ಕು. ಹ್ಯಾಕ್ಸಾ ಬ್ಲೇಡಿನ ಒಂದು ತುಂಡನ್ನು ಕಟ್ಟಿಗೆಯ ಹಿಡಿಕೆಗೆ ಕೂಡಿಸಿ, ಪಟ್ಟಿಯ ಆಸರೆಗೆ ಒಂದೊಂದೇ ಗೀರು ಎಳೆಯುತ್ತೇನೆ. ಗೀರು ಆಳವಾದರೆ ಹಿಟ್ಟು ಸಿಕ್ಕಿಕೊಳ್ಳುತ್ತದೆ, ತೆಳುವಾದರೆ ಎಳೆ ಜಾರುತ್ತದೆ. ಪೇಪರ್ ಒಂದೂವರೆ, ಎಣ್ಣೆ ಅರ್ಧ. ಸಾಮಿಲ್‌ಗೆ ಎರಡು, ಮಾತು ಮತ್ತು ಮುಟ್ಟಿಸುವುದಕ್ಕೆ ಒಂದೂವರೆ. ಒಟ್ಟು ಹನ್ನೆರಡೂವರೆ ತಾಸು.

ಇಲ್ಲಿ ಹೆಚ್ಚಿನವರು ಎಡವುವುದು ಎರಡು ಕಡೆಗೆ. ಒಬ್ಬರು ಹನ್ನೆರಡೂವರೆ ತಾಸನ್ನೂ ಗಿರಾಕಿಯ ತಲೆಗೆ ಕಟ್ಟುತ್ತಾರೆ. ಅದು ನ್ಯಾಯವಲ್ಲ, ಅದರಲ್ಲಿ ಅರ್ಧ ನಿಮ್ಮ ಕಲಿಕೆಯ ತಾಸು. ಇನ್ನೊಬ್ಬರು 'ನನಗೇನು ಹೊಟ್ಟೆಪಾಡೇ?' ಅಂತ ಕೂಲಿಯನ್ನೇ ಬಿಡುತ್ತಾರೆ. ಅದು ಇನ್ನೂ ಕೆಟ್ಟದ್ದು, ಯಾಕೆ ಅಂತ ಹೇಳುತ್ತೇನೆ.

ನಮ್ಮ ಓಣಿಯ ಆಚೆ ಒಬ್ಬ ಬಡಿಗೇರ ಕಾಕಾ ಇದ್ದಾರೆ. ಅವರ ಅಪ್ಪನ ಕಾಲಕ್ಕೆ ಹಳ್ಳಿಯಲ್ಲಿ ಆಯದ ಪದ್ಧತಿ. ವರ್ಷವಿಡೀ ರೈತರ ಕೂರಿಗೆ, ಕುಂಟೆ, ಚಕ್ಕಡಿ ನೋಡಿಕೊಳ್ಳುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ಜೋಳ ತರುವುದು. ಒಂದೊಂದು ಸಾಮಾನಿಗೆ ಇಷ್ಟು ಅಂತ ಇರಲಿಲ್ಲ, ಮನೆತನಕ್ಕೆ ಮನೆತನದ ಲೆಕ್ಕ. ಈಗ ಆಯ ಇಲ್ಲ, ಕಾಕಾಗೆ ಒಂದೊಂದು ಮಣೆಯೂ ಊಟದ ಲೆಕ್ಕ. ನಾನು ಅಕ್ಕಾರಿಗೆ ಒಂದೂವರೆ ಸಾವಿರಕ್ಕೆ ಕೊಟ್ಟ ಸುದ್ದಿ ಓಣಿ ತುಂಬ ಆಯಿತು. ಮುಂದಿನ ವಾರ ಕಾಕಾನ ಹತ್ತಿರ ಹೋದವರು ಅದೇ ರೇಟು ಹಿಡಿದು ಕೂತರು. ಕಾಕಾ ನನಗೆ ಬೈಯಲಿಲ್ಲ. ಚಹಾ ಕೊಟ್ಟು ಇಷ್ಟೇ ಅಂದರು: "ಸರ, ನಿಮ್ಮ ಪಗಾರ ಒಂದನೇ ತಾರೀಖಿಗಿ ಬರತೈತಿ."

ಅವತ್ತಿನಿಂದ ನನ್ನ ರೇಟು ಹೀಗೆ: ಮಾಲು ನನ್ನ ಲೆಕ್ಕ, ತಾಸು ಕಾಕಾನ ಲೆಕ್ಕ. ಅವರಿಗೆ ಆ ಮಣೆಗೆ ಓಡಾಟವೂ ಸೇರಿ ಏಳು ತಾಸು. ಅವರ ದಿನದ ಕೂಲಿ ಎಂಟು ತಾಸಿಗೆ ಒಂಬೈನೂರರ ಹತ್ತಿರ, ತಾಸಿಗೆ 110 ಹಿಡಿದರೆ 770. ಮಾಲಿನ 1,800 ಸೇರಿಸಿ 2,570. ತಪ್ಪಿಗೆ, ರಿಪೇರಿಗೆ ನೂರಕ್ಕೆ ಹತ್ತು ಇಟ್ಟರೆ ಹತ್ತಿರಹತ್ತಿರ 2,800. ನನಗೆ ಏನೂ ಎಡವಟ್ಟಾಗದಿದ್ದರೆ ಉಳಿಯುವುದು ಸಾವಿರ, ನನ್ನ ಹನ್ನೆರಡೂವರೆ ತಾಸಿಗೆ ಹಂಚಿದರೆ ತಾಸಿಗೆ 80. ಕೈ ಚುರುಕಾದಂತೆ ಅದು ಏರುತ್ತದೆ. ಕಾಕಾನಿಗಿಂತ ಒಂದು ರೂಪಾಯಿ ಕಡಿಮೆ ಹೇಳುವುದಿಲ್ಲ.

ಮನಸ್ಸಿದ್ದರೆ ಪೂರ್ತಿ ಪುಗಸಟ್ಟೆ ಕೊಡಿ, ಲಗ್ನಕ್ಕೆ, ತೊಟ್ಟಿಲಿಗೆ, ಹೊಸ ಮನೆಗೆ. ಇಲ್ಲದಿದ್ದರೆ ಪೂರ್ತಿ ರೇಟು ತಗೊಳ್ಳಿ. ನಡುವಿನ ಅರ್ಧ ರೇಟಿನಲ್ಲಿ ಕೊಟ್ಟವರಿಗೂ ಸಮಾಧಾನ ಇಲ್ಲ, ತಗೊಂಡವರಿಗೂ ಇಲ್ಲ, ಕಾಕಾನ ಹೊಟ್ಟೆಗೂ ಇಲ್ಲ.

ರೇಟು ಕೇಳಿದ ಮೇಲೆ ಈ ಮಾತು ಬಂದೇ ಬರುತ್ತದೆ: "ಸರ, ಬಡಿಗೇರರ ಕಡೆ ಕೊಟ್ರ ಎರಡೂವರೆದಾಗ ಮಾಡ್ತಾರ." ಉತ್ತರ ಸಿದ್ಧ ಇಟ್ಟುಕೊಳ್ಳಿ: "ಹಂಗಾದ್ರ ಅವರ ಕಡೇನ ಕೊಡ್ರಿ. ಅವರ ಕೈ ನನಕಿಂತ ಚೊಲೊ ಐತಿ." ಎರಡನೇ ವಾಕ್ಯವೂ ನಿಜವೇ ಆಗಿರುವುದರಿಂದ ಹೇಳಲು ಕಷ್ಟವೂ ಆಗುವುದಿಲ್ಲ.

ಕಾಗದ, ಸಂಚಕಾರ, ತಾರೀಖು

ಒಂದು ಹಾಳೆಯಲ್ಲಿ ಚಿತ್ರ ಬರೆದು ಮೂರೂ ಅಳತೆ, ಕಟ್ಟಿಗೆಯ ಹೆಸರು, ಪಾಲಿಶ್ ಯಾವುದು, ಒಟ್ಟು ರೊಕ್ಕ, ಕೊಡುವ ತಾರೀಖು ಹಾಕಿ. ಇಬ್ಬರೂ ಸಹಿ ಮಾಡಿ ವಾಟ್ಸಾಪ್‌ನಲ್ಲಿ ಫೋಟೊ ಕಳಿಸಿ. ಗುರುತಿನವರ ಹತ್ತಿರ ಸಹಿ ಕೇಳಲು ಸಂಕೋಚವಾಗುತ್ತದೆ, ಆಗಲಿ. ದೇವರ ಮಂಟಪವಾದರೆ ಒಳಗೆ ಕೂಡುವ ದೊಡ್ಡ ಫೋಟೊದ ಎತ್ತರವನ್ನು ನೀವೇ ಹೋಗಿ ಟೇಪು ಹಿಡಿದು ನೋಡಿ. 'ಮಾಮೂಲಿ ಸೈಜ್ ರೀ' ಅನ್ನುವ ಮಾತನ್ನು ನಂಬಬೇಡಿ.

ಸಂಚಕಾರ ಮಾಲಿನ ಪೂರ್ತಿ ಬೆಲೆಯಷ್ಟಿರಲಿ. ನಿಮ್ಮ ಪಗಾರದ ರೊಕ್ಕ ಇನ್ನೊಬ್ಬರ ಸಾಗವಾನಿಯಲ್ಲಿ ಸಿಕ್ಕಿಕೊಳ್ಳಬಾರದು.

ತಾರೀಖಿನ ವಿಷಯ ಹೇಳುವಾಗ ನನ್ನ ಎಡಗೈ ಹೆಬ್ಬೆರಳು ತೋರಿಸಬೇಕು. ಚೌತಿಗೆ ಎರಡು ದಿನ ಇತ್ತು. ಗಣಪ್ಪನನ್ನು ಕೂಡಿಸುವ ಮಂಟಪ, ಗಿರಾಕಿಗೆ ನಾಳೆ ಕೊಡಬೇಕು. ದಿನವಿಡೀ ಆಫೀಸು ಮಾಡಿ ಬಂದು ರಾತ್ರಿ ಹತ್ತೂವರೆಗೆ ಕಮಾನಿನ ಅಂಚು ಕೊರೆಯುತ್ತ ಕೂತಿದ್ದೆ. ಉಳಿ ಮೊಂಡಾಗಿತ್ತು, ಮಸೆಯಲು ಬೇಸರ, ಜೋರಾಗಿ ಒತ್ತಿದೆ. ತುಂಡನ್ನು ಕ್ಲಾಂಪಿಗೆ ಬಿಗಿದಿರಲಿಲ್ಲ, ಎಡಗೈಯಲ್ಲಿ ಹಿಡಿದಿದ್ದೆ. ದವಾಖಾನೆಯಲ್ಲಿ ಮೂರು ಹೊಲಿಗೆ ಹಾಕಿದರು. ಹವ್ಯಾಸದ ಕೆಲಸವಾಗಿದ್ದರೆ ಒಂಬತ್ತಕ್ಕೇ ದೀಪ ಆರಿಸಿ ಉಣ್ಣಲು ಹೋಗಿರುತ್ತಿದ್ದೆ. ದಣಿದಾಗ ಎದ್ದುಬಿಡುವ ಆ ಹಕ್ಕನ್ನೇ ನಾನು ಸಂಚಕಾರದ ಜೊತೆ ಮಾರಿದ್ದೆ, ರೇಟಿನಲ್ಲಿ ಅದಕ್ಕೆ ಒಂದು ಪೈಸೆಯೂ ಹಿಡಿದಿರಲಿಲ್ಲ.

ಆದ್ದರಿಂದ ವಹಿಯಲ್ಲಿನ ತಾಸುಗಳನ್ನು ವಾರಕ್ಕೆ ನಿಮಗೆ ನಿಜವಾಗಿ ಸಿಗುವ ತಾಸಿನಿಂದ ಭಾಗಿಸಿ, ಬಂದದ್ದನ್ನು ಎರಡು ಪಟ್ಟು ಮಾಡಿ, ಆ ತಾರೀಖು ಹೇಳಿ. ನನಗೆ ವಾರಕ್ಕೆ ಐದು ತಾಸು ಸಿಗುತ್ತದೆ, ಹನ್ನೆರಡೂವರೆ ತಾಸಿನ ಮಣೆಗೆ ಐದು ವಾರ ಅನ್ನುತ್ತೇನೆ. ಒಂದು ಕೆಲಸ ಕೊಟ್ಟ ಮೇಲೇ ಇನ್ನೊಂದಕ್ಕೆ ಸಂಚಕಾರ. ಪಂಚಮಿ, ಚೌತಿ, ದೀಪಾವಳಿ, ಗೃಹಪ್ರವೇಶ ಅಂತ ಮುಹೂರ್ತ ಕಟ್ಟಿದ ಕೆಲಸಗಳನ್ನು ನಾನು ಈಗ ಹಿಡಿಯುವುದೇ ಇಲ್ಲ. ಕಾಕಾನ ನಂಬರ್ ಕೊಡುತ್ತೇನೆ.

ಮೀಟರು, ನೌಕರಿ, ತೆರಿಗೆ

ಮನೆಯ ಮೀಟರಿನಿಂದ ಭಾನುವಾರ ಡ್ರಿಲ್ ಓಡಿಸಿದ್ದಕ್ಕೆ ಯಾರೂ ಏನೂ ಅನ್ನಲಿಕ್ಕಿಲ್ಲ. ಆದರೆ ಬೋರ್ಡು ಹಾಕಿ ದಂಧೆಯನ್ನೇ ಶುರು ಮಾಡಿದರೆ ಅದು ಗೃಹಬಳಕೆ ಅಲ್ಲ. 2003ರ ವಿದ್ಯುತ್ ಕಾಯ್ದೆಯ 126ನೇ ಕಲಂ ಪ್ರಕಾರ ಅನಧಿಕೃತ ಬಳಕೆಯಾಗಿ, ಆ ದಂಧೆಗೆ ಹತ್ತುವ ದರದ ಎರಡು ಪಟ್ಟು ಕಟ್ಟಬೇಕಾಗುತ್ತದೆ. ಹೆಸ್ಕಾಂ ಕಚೇರಿಯಲ್ಲಿ ಕೇಳಿ ಬೇರೆ ಮೀಟರ್ ಮಾಡಿಸಿ. ಸರ್ಕಾರಿ ನೌಕರರು, ಶಾಲೆಯ ಮಾಸ್ತರರು ರೊಕ್ಕಕ್ಕೆ ಕೆಲಸ ಹಿಡಿಯುವ ಮುಂಚೆ ಇಲಾಖೆಯ ಅನುಮತಿ ನೋಡಿಕೊಳ್ಳಬೇಕು. ಬಂದ ರೊಕ್ಕವನ್ನು ವರಮಾನ ತೆರಿಗೆಯ ಲೆಕ್ಕದಲ್ಲಿ ತೋರಿಸಿ. ಜಿಎಸ್‌ಟಿ ನೋಂದಣಿಯ ಮಿತಿ ಸೇವೆಗೆ ವರ್ಷಕ್ಕೆ 20 ಲಕ್ಷ, ಸರಕಿಗೆ 40 ಲಕ್ಷ, ಮಣೆ ಮಾಡಿ ಅಲ್ಲಿಗೆ ಮುಟ್ಟಿದವರನ್ನು ನಾನಂತೂ ಕಂಡಿಲ್ಲ. ಸಣ್ಣ ಉದ್ದಿಮೆಗಳ 'ಉದ್ಯಮ' ನೋಂದಣಿ ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಪುಗಸಟ್ಟೆ ಆಗುತ್ತದೆ, ಅದಕ್ಕೆ ರೊಕ್ಕ ಕೇಳುವವರ ಹತ್ತಿರ ಹೋಗಬೇಡಿ.

ಪಿಎಂ ವಿಶ್ವಕರ್ಮ ಯೋಜನೆಯ ಬಗ್ಗೆ ಬಹಳ ಜನ ಕೇಳುತ್ತಾರೆ. 2023ರ ಸೆಪ್ಟೆಂಬರ್ 17ರಂದು ಶುರುವಾದದ್ದು. ಅದರ 18 ಕಸುಬುಗಳಲ್ಲಿ ಬಡಿಗತನವೂ ಒಂದು. ತರಬೇತಿಯ ದಿನಗಳಿಗೆ ದಿನಕ್ಕೆ 500 ರೂಪಾಯಿ, ಸಲಕರಣೆಗೆ 15,000, ಅಡವಿಲ್ಲದೆ ಮೊದಲು ಒಂದು ಲಕ್ಷ, ಆಮೇಲೆ ಎರಡು ಲಕ್ಷದವರೆಗೆ ಶೇಕಡಾ 5ರ ಬಡ್ಡಿಯಲ್ಲಿ ಸಾಲ. ಆದರೆ ಅದು ಕೈಕಸುಬಿನಿಂದಲೇ ಬದುಕುವವರಿಗೆ. ಸರ್ಕಾರಿ ನೌಕರರಿಗೆ, ಅವರ ಕುಟುಂಬಕ್ಕೆ ಇಲ್ಲ. ಭಾನುವಾರದ ಬಡಿಗರು ಅದರ ಸಾಲಿನಲ್ಲಿ ನಿಲ್ಲಬಾರದು.

ಧೂಳು, ಬ್ಲೇಡು, ಎಣ್ಣೆ

ಕಟ್ಟಿಗೆಯ ಧೂಳು ಬರೀ ಸೀನಿನ ವಿಷಯವಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ವಸ್ತುಗಳ ಸಾಲಿಗೆ ಸೇರಿಸಿದೆ. ವಾರಕ್ಕೊಂದು ತಾಸು ತಿಕ್ಕುವವ ರೊಕ್ಕಕ್ಕಾಗಿ ವಾರಕ್ಕೆ ಹತ್ತು ತಾಸು ತಿಕ್ಕಲು ಶುರು ಮಾಡಿದರೆ ಎದೆಗೆ ಹೋಗುವುದೂ ಹತ್ತು ಪಟ್ಟು. ಎನ್95 ಮಾಸ್ಕ್ ಹಾಕಿ, ಅಂಗಳದಲ್ಲಿ ತಿಕ್ಕಿ.

ನಾಲ್ಕು ಇಂಚಿನ ಮಾರ್ಬಲ್ ಕಟರ್‌ಗೆ ಕಟ್ಟಿಗೆಯ ಹಲ್ಲಿನ ಬ್ಲೇಡ್ ಹಾಕಿ ಕೊಯ್ಯುವುದು ನಮ್ಮಲ್ಲಿ ಮನೆಮಾತಾಗಿದೆ. ಅದು ನಿಮಿಷಕ್ಕೆ ಹನ್ನೆರಡು ಸಾವಿರ ಸುತ್ತಿನ ಮೇಲೆ ತಿರುಗುತ್ತದೆ, ಬ್ಲೇಡ್ ಸಿಕ್ಕಿಕೊಂಡರೆ ಮಷಿನ್ನು ನಿಮ್ಮ ಕಡೆಗೇ ಜಿಗಿಯುತ್ತದೆ. ಕಟ್ಟಿಗೆಗೆ ಅಂತಲೇ ಮಾಡಿದ ಸರ್ಕ್ಯುಲರ್ ಸಾ ತಗೊಳ್ಳಿ, ಇಲ್ಲವೇ ಕೈಗರಗಸ ಸಾಕು. ತಿರುಗುವ ಬ್ಲೇಡಿನ ಹತ್ತಿರ ಲುಂಗಿ, ಟವೆಲ್ಲು, ಕೈಗವಸು ಮೂರೂ ಬೇಡ.

ಅಡುಗೆಮನೆಯ ಮಣೆಗೆ ವಾರ್ನಿಷ್ ಹಚ್ಚಬೇಡಿ. ಶೇಂಗಾ ಎಣ್ಣೆಯೂ ಬೇಡ, ಅದು ಒಣಗುವುದಿಲ್ಲ, ಅಂಟಂಟಾಗಿ ಕಮಟು ವಾಸನೆ ಬರುತ್ತದೆ. ನಮ್ಮ ಸೀಮೆಯ ಅಗಸೆ ಎಣ್ಣೆಗೆ ಒಣಗಿ ಪದರ ಕಟ್ಟುವ ಗುಣವಿದೆ. ಗಾಣದ ಶುದ್ಧ ಎಣ್ಣೆಯೇ ಆಗಬೇಕು. ಬಣ್ಣದ ಅಂಗಡಿಯಲ್ಲಿ ಸಿಗುವ ಬಾಯ್ಲ್ಡ್ ಎಣ್ಣೆಯಲ್ಲಿ ಬೇಗ ಒಣಗಲಿ ಅಂತ ಲೋಹದ ಔಷಧ ಸೇರಿಸಿರುತ್ತಾರೆ, ಅದು ಊಟದ ಸಾಮಾನಿಗಲ್ಲ. ತೆಳ್ಳಗೆ ಹಚ್ಚಿ ಒರೆಸಿ, ಒಂದೊಂದು ಸಲ ಹಚ್ಚಿದ ಮೇಲೂ ಮೂರ್ನಾಲ್ಕು ದಿನ ಬಿಡಿ, ಮಳೆಗಾಲದಲ್ಲಿ ವಾರದ ಮೇಲೆ. ತಾರೀಖು ಹೇಳುವಾಗ ಈ ದಿನಗಳನ್ನು ಮರೆಯುವವರೇ ಹೆಚ್ಚು. ಒರೆಸಿದ ಅರಿವೆಯನ್ನು ಮಾತ್ರ ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ಅಗಸೆ ಎಣ್ಣೆ ಒಣಗುವಾಗ ಕಾವು ಏಳುತ್ತದೆ, ಮುದ್ದೆಯೊಳಗಿನ ಕಾವಿಗೆ ಅರಿವೆ ತಾನೇ ಹೊತ್ತಿಕೊಳ್ಳಬಹುದು. ನೀರಿನಲ್ಲಿ ತೊಯ್ಸಿ, ಹೊರಗೆ ಬಿಚ್ಚಿ ಹರವಿ ಒಣಗಿಸಿ ಆಮೇಲೆ ಬಿಸಾಕಿ.

ಒಪ್ಪಿಸುವ ದಿನ

ಕೈಚೀಲದಲ್ಲಿ ಸಣ್ಣ ರಂದಾ, ಒಂದು ತುಂಡು ಪಾಲಿಶ್ ಪೇಪರ್, ಸ್ಕ್ರೂ ಡ್ರೈವರ್, ಸಣ್ಣ ಸೀಸೆಯಲ್ಲಿ ಎಣ್ಣೆ, ಒಣ ಅರಿವೆ ಇಟ್ಟುಕೊಂಡು ಹೋಗಿ. ನಿಮ್ಮ ಮನೆಯಲ್ಲಿ ಅಲುಗಾಡದ ಸ್ಟೂಲು ಗಿರಾಕಿಯ ಶಹಾಬಾದಿ ಕಲ್ಲಿನ ಮೇಲೆ ಅಲುಗಾಡುತ್ತದೆ. ತಪ್ಪು ಕಲ್ಲಿನದು ಅಂತ ವಾದ ಮಾಡಬೇಡಿ, ಒಂದು ಕಾಲು ಒಂದು ಎಳೆಯಷ್ಟು ಕೆತ್ತಿದರೆ ಮುಗಿಯಿತು. ಬಾಗಿಲಿದ್ದರೆ ನಾಲ್ಕು ಸಲ ತೆರೆದು ಮುಚ್ಚಿ ತೋರಿಸಿ. ಮಣೆಯಾದರೆ ನೀರಿನಲ್ಲಿ ನೆನೆಹಾಕಬೇಡಿರಿ, ಒರೆಸಿ ನೆರಳಿಗೆ ನಿಲ್ಲಿಸಿರಿ ಅಂತ ಮನೆಯ ಹೆಣ್ಣುಮಕ್ಕಳಿಗೇ ಹೇಳಿ, ಆರ್ಡರ್ ಕೊಟ್ಟ ಗಂಡಸಿಗೆ ಹೇಳಿ ಉಪಯೋಗವಿಲ್ಲ.

ಅಷ್ಟರೊಳಗೆ ಒಳಗಿನಿಂದ ಕರೆ ಬರುತ್ತದೆ, "ಬರ್ರಿ ಬರ್ರಿ, ಚಹಾ ಆಗೇತಿ." ಬಾಕಿಯ ಮಾತನ್ನು ಚಹಾಕ್ಕಿಂತ ಮುಂಚೆ ಎತ್ತಿ. ಚೂಡಾ, ಚಹಾ ಆಗಿ, ಊರ ಸುದ್ದಿ ಆಗಿ, ನಿಮ್ಮ ಊರು ಅವರ ಬೀಗರ ಊರು ಅಂತ ಗೊತ್ತಾದ ಮೇಲೆ ರೊಕ್ಕ ಕೇಳಲಿಕ್ಕೆ ಬಾಯೇ ಬರುವುದಿಲ್ಲ. ನನ್ನ ವಹಿಯ ಹಿಂದಿನ ಪುಟದಲ್ಲಿ ಅಂಥ ಬೀಗರ ಹೆಸರು ಇನ್ನೂ ಎರಡು ಇವೆ.